ಹಂಡೆ ಮುಚ್ಚಳದ ಮೇಲಿನ ಕಂಪನಿ

ನನಗೊಂದು ಚಟವಿದೆ. ಯಾರ ಮನೆಗೆ ಹೋದರೂ, ಕೊಟ್ಟ ನೀರು ಕುಡಿದ ಮೇಲೆ ಲೋಟವನ್ನು ಬೋರಲು ಮಾಡಿ ಬುಡ ನೋಡುತ್ತೇನೆ. ಹೆಸರು ಕೊರೆಸಿದ್ದರೆ ಓದುತ್ತೇನೆ. ಓದಿ ಸುಮ್ಮನಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ನಾನು, 'ಇದು ನಿಮ್ಮ ದೊಡ್ಡಪ್ಪನ ಮನೆಯ ಲೋಟವಲ್ಲವೆ?' ಎಂದು ಕೇಳಿಬಿಡುತ್ತೇನೆ. ಹೀಗೆ ಕೇಳಿ ಹುಬ್ಬಳ್ಳಿಯಲ್ಲಿ ಒಂದೇ ಓಣಿಯ ಎರಡು ಮನೆಗಳ ನಡುವೆ ಮಾತು ಬಿಡಿಸಿದ ಕೀರ್ತಿ ನನಗಿದೆ. ಈಗ ಅಬುಧಾಬಿಯಲ್ಲಿ ಯಾರಾದರೂ ಊಟಕ್ಕೆ ಕರೆದರೆ ನನ್ನ ಹೆಂಡತಿ ಸುಮಾ ಲಿಫ್ಟಿನಲ್ಲೇ ಎಚ್ಚರಿಕೆ ಕೊಡುತ್ತಾಳೆ: "ಅವರ ಮನ್ಯಾಗ ಗಾಜಿನ ಗ್ಲಾಸ್ ಅದಾವ್ರಿ. ಬುಡದಾಗ ಏನೂ ಬರದಿಲ್ಲ. ಸುಮ್ನ ಕುಡದು ಕೆಳಗ ಇಡ್ರಿ."

ಹೊಟ್ಟೆಪಾಡೂ ಇದೇ ಆಗಿರುವುದರಿಂದ ಚಟ ಬಿಡುವುದು ಕಷ್ಟ. ಮುಸಫ್ಫಾ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ತಯಾರಾಗುವ ಬಾಯ್ಲರು, ಗ್ಯಾಸ್ ತುಂಬುವ ಭಾರಿ ಟ್ಯಾಂಕು ಇಂಥವುಗಳ ನೇಮ್‌ಪ್ಲೇಟ್ ಓದುವುದು ನನ್ನ ಕೆಲಸ. ಪ್ಲೇಟಿನ ಮೇಲಿನ ನಂಬರು, ಕಬ್ಬಿಣದ ಮೈಮೇಲೆ ಗುದ್ದಿದ ನಂಬರು, ಕಾಗದದಲ್ಲಿರುವ ನಂಬರು ಮೂರೂ ಒಂದೇ ಎಂದು ನೋಡಿ ಸಹಿ ಹಾಕಬೇಕು. ಇಂಥ ಟ್ಯಾಂಕುಗಳನ್ನು ಇಂಗ್ಲಿಷಿನವರು ವೆಸೆಲ್, ಅಂದರೆ ಪಾತ್ರೆ ಎಂದೇ ಕರೆಯುತ್ತಾರೆ. ಅದನ್ನು ನಾನೊಮ್ಮೆ ಅವ್ವನಿಗೆ ಬಿಡಿಸಿ ಹೇಳಿದ್ದೇ ತಪ್ಪಾಯಿತು. ಅವ್ವ ಊರಿಗೆಲ್ಲ, "ನಮ್ಮ ಸಿದ್ದು ಅಲ್ಲೆ ಪಾತ್ರಿ ನೋಡ್ತಾನ" ಎಂದು ಹೇಳಿಕೊಂಡು ಬಂದಳು. ಒಂದು ಮದುವೆಯಲ್ಲಿ ದೂರದ ಸೋದರಮಾವನೊಬ್ಬ ನನ್ನ ಬೆನ್ನು ಸವರಿ, "ಯಾವ ಕೆಲಸಾನೂ ಸಣ್ಣದಲ್ಲ ತಮ್ಮಾ, ಹೋಟೆಲ್ ಆದರೇನಾತು" ಎಂದು ಸಮಾಧಾನ ಹೇಳಿದ. ನಾನೂ ತಲೆಯಾಡಿಸಿದೆ. ಜಿಲೇಬಿ ತಣ್ಣಗಾಗುತ್ತಿತ್ತು.

ಇನ್ನು ನಮ್ಮ ಮನೆಯ ಪಾತ್ರೆಗಳ ವಿಷಯ. ಬೇರೆಯವರ ಮನೆಯ ತಂಬಿಗೆ, ತಾಟು, ಕೊಳಗಗಳ ಮೇಲೆ ಹೆಸರಿರುತ್ತದೆ, ಯಾರ ಮದುವೆಯಲ್ಲಿ ಯಾರು ಕೊಟ್ಟದ್ದೆಂಬ ಚರಿತ್ರೆ ಇರುತ್ತದೆ. ನಮ್ಮ ಮನೆಯ ಹಳೆಯ ಪಾತ್ರೆಗಳ ಬುಡದಲ್ಲಿ ಇದ್ದದ್ದು ಬರೀ ನಾಲ್ಕು ಅಂಕಿ. ರೈಲು ಇಂಜಿನ್ನುಗಳ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಅಜ್ಜ ಫಕೀರಪ್ಪ, ಅಂಕಿಯ ಉಕ್ಕಿನ ಅಚ್ಚುಗಳನ್ನಿಟ್ಟು ಸುತ್ತಿಗೆಯಿಂದ ಗುದ್ದಿ ತಾನೇ ಹಾಕಿದ್ದು. ಅದು ಅಜ್ಜನ ಬಿಲ್ಲೆ ನಂಬರ್ ಎಂದು ಮನೆಯವರೆಲ್ಲರ ತಿಳಿವಳಿಕೆ. ಕಾರ್ಖಾನೆಗೆ ಹೋಗುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೊಂದು ನಂಬರ್ ಇರುತ್ತಿತ್ತಂತೆ. ಅಪ್ಪನಿಗೆ ಹದಿನಾರು ವರ್ಷವಾಗಿದ್ದಾಗಲೇ ಅಜ್ಜ ತೀರಿಕೊಂಡ. ಹೌದೋ ಅಲ್ಲವೋ ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಆ ನಾಲ್ಕು ಅಂಕಿ ಯಾವುವೆಂದು ನಿಮಗೆ ಹೇಳಲಾರೆ. ತಪ್ಪು ತಿಳಿಯಬೇಡಿ. ನನ್ನ ಫೋನು, ಸುಮಾಳ ಫೋನು, ಸೂಟ್‌ಕೇಸಿನ ಬೀಗ, ಬ್ಯಾಂಕಿನ ಕಾರ್ಡು ಎಲ್ಲಕ್ಕೂ ಅದೇ. ಮನೆಯ ವೈಫೈಗೆ ಎಂಟು ಅಂಕಿ ಬೇಕೆಂದರು, ಅದನ್ನೇ ಎರಡು ಸಲ ಬರೆದೆವು. ಅಜ್ಜ ಗುದ್ದಿದ ಪಾತ್ರೆಗಳಲ್ಲಿ ಒಂದು ಸಣ್ಣ ಹಿತ್ತಾಳೆ ತಂಬಿಗೆ, ನಾನು ಮೊದಲ ಸಲ ವಿಮಾನ ಹತ್ತುವಾಗ ಅವ್ವ ಉಪ್ಪಿನಕಾಯಿ ಡಬ್ಬಿಯ ಜತೆ ತುರುಕಿದ್ದು, ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷದಿಂದ ಚಮಚಗಳನ್ನು ಹೊತ್ತುಕೊಂಡು ನಿಂತಿದೆ.

ಹಂಡೆಯ ಮಾತಿಗೆ ಬರುತ್ತೇನೆ. ನಮ್ಮ ಬಚ್ಚಲಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆಯೊಂದಿತ್ತು. ಅದರ ಬಾಯಿ ದುಂಡಗೆ, ಮುಚ್ಚಳ ಮಾತ್ರ ಮೊಟ್ಟೆಯಾಕಾರದ ದಪ್ಪ ಹಿತ್ತಾಳೆ ಹಲಗೆ. ದುಂಡು ಬಾಯಿಗೆ ಮೊಟ್ಟೆ ಮುಚ್ಚಳ ಎಂದಾದರೂ ಕೂತೀತೇ? ಎರಡೂ ಮಗ್ಗುಲಿಂದ ಉಗಿ ಬರುತ್ತಿತ್ತು. ಹಲಗೆಯ ತೂತಿಗೆ ತಂತಿ ಕಟ್ಟಿ ಅಜ್ಜಿ ಹಿಡಿಕೆ ಮಾಡಿದ್ದಳು. ಎತ್ತಿ ತಿರುಗಿಸಿದರೆ ಒಳಮೈಯಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರಗಳು. ನಾನು ಮತ್ತು ಅಣ್ಣ ಇಂಗ್ಲಿಷ್ ಕೂಡಿಸಿ ಓದಲು ಕಲಿತದ್ದು ಅದರಲ್ಲೇ: ಗ್ರಿಂಡಲ್ ಅಂಡ್ ಪೈಕ್, ಲೋಕೋಮೋಟಿವ್ ಬಿಲ್ಡರ್ಸ್. ಮೈಗೆ ಸೋಪು ಹಚ್ಚಿಕೊಂಡು ಗ್ರಿಂಡಲಪ್ಪ, ಪೈಕಪ್ಪ ಎಂದು ಹಾಡುತ್ತಿದ್ದೆವು. ನಿಮ್ಮ ಮನೆದೇವರು ಯಾರು ಎಂದು ಶಾಲೆಯಲ್ಲಿ ಕೇಳಿದಾಗ ಅಣ್ಣ ಗ್ರಿಂಡಲಪ್ಪ ಎಂದು ಹೇಳಿ ಬಂದಿದ್ದ.

ನೀರು ತುಂಬುವ ಹಬ್ಬದ ದಿನ ಹಂಡೆ ತೊಳೆದು, ಹಾಗಲಬಳ್ಳಿ ಸುತ್ತಿ ಸಿಂಗರಿಸುವುದು ನಮ್ಮಲ್ಲಿ ವಾಡಿಕೆ. ಹಂಡೆಯನ್ನು ಯಾರು ಬೇಕಾದರೂ ತಿಕ್ಕಬಹುದಿತ್ತು. ಮುಚ್ಚಳವನ್ನು ಮಾತ್ರ ಅಜ್ಜಿಯೇ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕುತ್ತಿದ್ದಳು. ತಿಕ್ಕಿ, ಒರೆಸಿ, ಅಕ್ಷರ ಕೆಳಗಾಗುವಂತೆ ಮಗುಚಿ ಇಡುತ್ತಿದ್ದಳು. ನಾವು ಮುಖ ಮೇಲೆ ಮಾಡಿ ಇಟ್ಟರೆ ಸಾಕು, ಬೈಗುಳ. ಮುದುಕಿಯರಿಗೆ ಇಂಥ ಹಟ ಇರುತ್ತದೆ ಎಂದುಕೊಂಡಿದ್ದೆವು.

ಆಮೇಲೆ ಗೀಜರ್ ಬಂತು. ಹಂಡೆ ಅಟ್ಟ ಸೇರಿತು. ನಾನು ಇಲ್ಲಿಗೆ ಬಂದೆ.

ಹೋದ ಚಳಿಗಾಲದಲ್ಲಿ ಅಪ್ಪ ನಮ್ಮಲ್ಲಿಗೆ ಬಂದರು. ಎರಡು ತಿಂಗಳ ವಿಸಿಟ್ ವೀಸಾ. ಅವ್ವ ಬರಲಿಲ್ಲ. ಕಾಲ ಕೆಳಗೆ ನೆಲ ಇಲ್ಲದ ಗಾಡಿ ತನಗೆ ಬೇಡ ಎಂದು ಅಣ್ಣನ ಮನೆಯಲ್ಲೇ ಉಳಿದಳು. ಅಪ್ಪನಿಗೆ ಎಂಬತ್ತೆರಡು. ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಏರ್‌ಪೋರ್ಟಿನಲ್ಲಿ ಎಲ್ಲರೂ ಹೊರಗೆ ಬಂದರೂ ಅವರೊಬ್ಬರು ಬರಲಿಲ್ಲ. ಗಾಜಿನಾಚೆ ನೋಡಿದರೆ, ಅವರ ಚೀಲ ತೆಗೆಸಿದ್ದಾರೆ. ಪಂಚೆಯಲ್ಲಿ ಸುತ್ತಿದ ಹಂಡೆ ಮುಚ್ಚಳ ಮೇಜಿನ ಮೇಲಿದೆ. ಆಮೇಲೆ ಅವರೇ ಹೇಳಿದಂತೆ, ಅಲ್ಲಿಯ ಅಧಿಕಾರಿ ಇದೇನು ಬಾಬಾ ಎಂದು ಹಿಂದಿಯಲ್ಲಿ ಕೇಳಿದನಂತೆ. ಅಪ್ಪ ತಲೆ ತಗ್ಗಿಸಿ, "ಕುಛ್ ನಹೀ, ಹಂಡೆ ಕಾ ಢಕ್ಕನ್" ಎಂದರಂತೆ. ಮೂರೂವರೆ ಕಿಲೋ ತೂಗುವ, ಲೋಕೋಮೋಟಿವ್ ಎಂದು ಬರೆದ ಢಕ್ಕನ್ನನ್ನು ಆತ ಸ್ವಲ್ಪ ಹೊತ್ತು ತಿರುಗಿಸಿ ನೋಡಿ, ನಕ್ಕು ಬಿಟ್ಟುಕೊಟ್ಟನಂತೆ.

"ಇದನ್ಯಾಕ ಹೊತ್ತುಕೊಂಡು ಬಂದ್ರಿ ಅಪ್ಪಾ?" ಎಂದೆ ಕಾರಿನಲ್ಲಿ.

"ನೀ ಇಂಥಾವನ್ನ ಓದಾವ ಅಲ್ಲೇನು? ಇದು ಯಾವ ಇಂಜಿನ್ನಿಂದು ಹೇಳು. ನಂಬರ್ ಹಾಕಿ ಪತ್ರ ಬರೀಬೇಕು. ತಿರುಗಿ ಕೊಡಬೇಕು."

ಅಂದು ಊಟವಾದ ಮೇಲೆ ಅಪ್ಪ ಹೇಳಿದ ಕತೆಯನ್ನು ನಾನು ಐವತ್ತು ಸಮೀಪಿಸಿದರೂ ಕೇಳಿರಲಿಲ್ಲ. ಆ ಹಲಗೆ ಮೊದಲು ಹಂಡೆಯ ಮೇಲಿರಲಿಲ್ಲ, ಪಡಸಾಲೆಯ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿ ತೂಗಾಡುತ್ತಿತ್ತು. ಅಪ್ಪನಿಗೆ ಎಂಟು ವರ್ಷವಾಗಿದ್ದಾಗ ಚಾಳಿನ ನಳದ ಹತ್ತಿರ ಯಾರೋ, "ಕಾರ್ಖಾನಿ ಮಾಲು ಕದ್ದು ತಂದು ಗ್ವಾಡಿ ಮ್ಯಾಲ ತೂಗಹಾಕ್ಯಾನ" ಎಂದರು. ಊರ ಬಾಯಿ ಮುಚ್ಚಿಸಲಾದೀತೆ? ಅಜ್ಜ ಅಂದದ್ದು ಒಂದೇ ಮಾತು: "ಕಂಪನಿಯವರು ಕೊಟ್ಟಾರ." ಮಸಿ ಮೆತ್ತಿದ ಫಿಟ್ಟರನಿಗೆ ಸಮುದ್ರದಾಚೆಯ ಕಂಪನಿ ಹಿತ್ತಾಳೆ ಕೊಡುವುದುಂಟೆ ಎಂದು ಮಂದಿ ನಕ್ಕರು. ಅಜ್ಜ ಎರಡನೆಯ ಸಲ ಹೇಳಲಿಲ್ಲ. ಅಂದೇ ಸಂಜೆ ಅಜ್ಜಿ ಅದನ್ನು ಗೋಡೆಯಿಂದ ಇಳಿಸಿ ಬಚ್ಚಲಿಗೆ ಒಯ್ದಳು.

"ಹಂಗಂದ್ರ ಅಜ್ಜ ಕದ್ದಿದ್ದ ಅಂತ ನೀವೂ ನಂಬೀರೇನು?" ಎಂದೆ.

ಅಪ್ಪ ಜೇಬಿಗೆ ಕೈ ಹಾಕಿದರು. "ಸರಕಾರದ ಮಾಲು ಮನ್ಯಾಗ ಇಟಗೊಂಡು ನಾ ಸಾಯೂದಿಲ್ಲ" ಎಂದಷ್ಟೇ ಹೇಳಿ, ಎರಡು ಮಡಿಕೆ ಮಾಡಿದ ಹಾಳೆಯನ್ನು ಕೈಗಿಟ್ಟರು. ನೀಟಾದ ಕನ್ನಡ ಅಕ್ಷರದಲ್ಲಿ ಪತ್ರ. 'ನನ್ನ ದಿವಂಗತ ತಂದೆಯವರಿಂದ ಆಗಿರುವ ಅಪರಾಧಕ್ಕೆ ಕ್ಷಮೆ ಯಾಚಿಸಿ' ಎಂದು ಮೊದಲ ಸಾಲು. ಇಂಜಿನ್ನಿನ ನಂಬರ್ ಬರುವಲ್ಲಿ ಖಾಲಿ ಗೆರೆ. ಇಂಗ್ಲಿಷಿಗೆ ತಿರುಗಿಸಿ, ನಂಬರ್ ತುಂಬಿ ಟೈಪ್ ಮಾಡಿಕೊಡಬೇಕು, ತಾವು ಸಹಿ ಹಾಕುತ್ತಾರೆ, ಊರಿಗೆ ಹೋದ ಮರುದಿನ ಹಲಗೆಯ ಜತೆ ಕಾರ್ಖಾನೆಯವರಿಗೆ ಒಪ್ಪಿಸುತ್ತಾರೆ. ಇದು ಹುಕುಂ.

ನನ್ನ ಬಾಲ್ಯದ ಎಷ್ಟೋ ಸಂಗತಿಗಳು ಆ ಕ್ಷಣದಲ್ಲಿ ಅರ್ಥವಾದವು. ಅಪ್ಪ ಶಾಲೆಯಿಂದ ಎಂದೂ ಸುಣ್ಣದ ಕಡ್ಡಿಯ ತುಂಡನ್ನೂ ಮನೆಗೆ ತಂದವರಲ್ಲ. ಅಂಗಳದಲ್ಲಿ ಕುಂಟಾಬಿಲ್ಲೆಯ ಮನೆ ಬರೆಯಲು ಬೇಕೆಂದರೆ ಒಲೆಯ ಇದ್ದಿಲು ತೋರಿಸುತ್ತಿದ್ದರು. ಮಾಸ್ತರರ ಮಕ್ಕಳ ಆಟದ ಗೆರೆ ಮಾತ್ರ ಕಪ್ಪಗೆ ಇರುತ್ತಿತ್ತು. ಅದು ಬರೀ ಪ್ರಾಮಾಣಿಕತೆ ಎಂದು ನಾನು ಹೆಮ್ಮೆಪಟ್ಟಿದ್ದೆ. ಎಂಟು ವರ್ಷದ ಹುಡುಗನೊಬ್ಬ ನಳದ ಹತ್ತಿರ ಕೊಡ ಹಿಡಿದು ನಿಂತು ಕೇಳಿಸಿಕೊಂಡ ಮಾತನ್ನು ಎಪ್ಪತ್ತನಾಲ್ಕು ವರ್ಷ ಹೊತ್ತಿದ್ದಾನೆಂದು ನನಗೇನು ಗೊತ್ತು? 

ಮರುದಿನ ಟಾರ್ಚು, ಭೂತಗನ್ನಡಿ ಹಿಡಿದು ಹಲಗೆ ನೋಡಿದೆ. ಹೆಸರಿನ ಅಕ್ಷರಗಳು ಚೂಪಾಗಿದ್ದವು. ನಂಬರ್ ಇರಬೇಕಾದ ಜಾಗ ಮಾತ್ರ ಅಂಗೈಯ ಹಾಗೆ ನುಣ್ಣಗಿತ್ತು. ಇಷ್ಟು ವರ್ಷ ಪ್ಲೇಟು ಓದಿದ ಕಣ್ಣಿಗೆ ಎರಡನೆಯ ಸಲ ನೋಡುವ ಅಗತ್ಯ ಬೀಳಲಿಲ್ಲ. ಅದು ಸವೆದದ್ದಲ್ಲ, ಸವೆಸಿದ್ದು.

"ಗೊತ್ತೈತಿ" ಎಂದರು ಅಪ್ಪ. "ನಮ್ಮವ್ವ. ವರ್ಷಾ ಹಬ್ಬದಾಗ ಅದೊಂದೇ ಜಾಗಾ ತಿಕ್ಕತಿದ್ಲು. ಪೊಲೀಸರು ನಂಬರಿನ ಮ್ಯಾಲ ಗುರುತು ಹಿಡೀತಾರ ಅಂತ ಯಾರೋ ಹೇಳಿದ್ರಂತ. ಆಕಿನೇ ಅಷ್ಟು ಹೆದರಿದ್ಲಂದ್ರ, ಆಕಿಗೆ ಏನೋ ಗೊತ್ತಿರಬೇಕಲ್ಲೋ."

 ನನಗೆ ತಿಳಿದದ್ದು ಒಂದೇ ದಾರಿ: ನಂಬರ್ ಅಳಿದಿದ್ದರೆ ತಯಾರಿಸಿದವನನ್ನು ಕೇಳು. ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೂ ಹುಡುಕಿದಾಗ, ಇಂಗ್ಲೆಂಡಿನ ಉತ್ತರ ಭಾಗದ ಆ ಸಣ್ಣ ಊರಿನಲ್ಲಿ, ಕಂಪನಿಯ ಹಳೆಯ ಪುಸ್ತಕಗಳನ್ನು ನೋಡಿಕೊಳ್ಳುವ ನಾಲ್ಕು ಜನ ವಯಸ್ಸಾದವರ ಗುಂಪೊಂದು ಸಿಕ್ಕಿತು. ಅವರಲ್ಲಿ ಮಾರ್ಗರೆಟ್ ಎಂಬಾಕೆ ಉತ್ತರ ಬರೆದರು. ಆಕೆಯೂ ನಿವೃತ್ತ ಶಾಲಾ ಶಿಕ್ಷಕಿ ಎಂದು ತಿಳಿದದ್ದೇ ಅಪ್ಪ ನೆಟ್ಟಗೆ ಕುಳಿತರು. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತೇವೆ. ಅಂದಿನಿಂದ ದಿನಾ ಬೆಳಿಗ್ಗೆ ಚಹದ ಜತೆ, "ಮಾರ್ಗರೆಟ್ ಅಕ್ಕೋರ ಕಾಗದ ಬಂತೇನು?" ಎಂದು ವಿಚಾರಣೆ.

ಅಕ್ಕೋರು ಕಂತು ಕಂತಾಗಿ ಬರೆದ ಚರಿತ್ರೆಯನ್ನು ಓದಿ ಹೇಳುತ್ತಿದ್ದೆ, ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. ಗ್ರಿಂಡಲ್ ಒಂದು ಕಲ್ಲಿದ್ದಲು ಗಣಿಯಲ್ಲಿ ಕಮ್ಮಾರನಾಗಿದ್ದ. ಉಗಿಯಿಂದ ಗಾಡಿ ಎಳೆಸಬಹುದು ಎಂದರೆ ಊರಿಗೆ ಊರೇ ನಗುತ್ತಿದ್ದ ಕಾಲ. ಆತ ಮೂರು ವರ್ಷ ಗುದ್ದಾಡಿ ಗಣಿಗೊಂದು ಇಂಜಿನ್ ಮಾಡಿಕೊಟ್ಟ. ಅದು ಓಡಿತು. ಓಡಿದ ದಿನ ಅದರ ಮೇಲೆ ಗಣಿಯ ಧಣಿಯ ಹೆಸರು ಕೂತಿತು, ಹಾರ ಧಣಿಯ ಕೊರಳಿಗೆ ಬಿತ್ತು. ಕಮ್ಮಾರನನ್ನು ಯಾರೂ ಕೇಳಲಿಲ್ಲ. ಆತ ಸುತ್ತಿಗೆ ಎತ್ತಿಕೊಂಡು ಹೊರಗೆ ಬಂದು, ಗಡಿಯಾರ ರಿಪೇರಿ ಮಾಡುವ ಪೈಕ್ ಎಂಬವನನ್ನು ಜತೆಗಿಟ್ಟುಕೊಂಡು ತನ್ನದೇ ಕಾರ್ಖಾನೆ ತೆರೆದ. ಒಬ್ಬನಿಗೆ ಬಲ ಗೊತ್ತು, ಇನ್ನೊಬ್ಬನಿಗೆ ಅಳತೆ ಗೊತ್ತು.

ಅಳತೆ ಗೊತ್ತಿದ್ದೂ ಮೊದಲ ಇಂಜಿನ್ ಮುಗಿದಾಗ ಅದು ಶೆಡ್ಡಿನ ಬಾಗಿಲಿಗಿಂತ ಅಗಲವಾಗಿತ್ತಂತೆ. ಗೋಡೆ ಒಡೆದು ಹೊರಗೆ ತಂದರು. ತಂದ ಮೇಲೆ ನೋಡಿದರೆ, ಕಾರ್ಖಾನೆಯ ತನಕ ರೈಲು ಹಳಿಯೇ ಇಲ್ಲ. ಕುದುರೆಗಳ ಕೆಲಸ ಕಿತ್ತುಕೊಳ್ಳಲೆಂದೇ ಹುಟ್ಟಿದ ಇಂಜಿನ್ನನ್ನು ಕುದುರೆಗಳಿಂದಲೇ ಎಳೆಸಿ ಹಳಿಯವರೆಗೆ ಒಯ್ಯಬೇಕಾಯಿತು. ಇದನ್ನು ಕೇಳಿ ಅಪ್ಪ ಕೆಮ್ಮು ಬರುವಷ್ಟು ನಕ್ಕರು. "ಕುದರಿ ಏನಂದುಕೊಂಡಿದ್ವೋ ಪಾಪ" ಎಂದರು. ಅಪ್ಪ ಹಾಗೆ ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು.

ಆಮೇಲೆ ಕಂಪನಿ ಬೆಳೆಯಿತು. ಇಂಜಿನ್ನುಗಳನ್ನು ಬಿಚ್ಚಿ, ಮರದ ಪೆಟ್ಟಿಗೆಗಳಲ್ಲಿ ತುಂಬಿ ಹಡಗಿಗೆ ಹಾಕಿ ದೇಶದೇಶಕ್ಕೆ ಕಳಿಸುತ್ತಿದ್ದರು. ಜತೆಗೆ ಕಂಪನಿಯ ಮೇಸ್ತ್ರಿಯೊಬ್ಬ ಹೋಗಿ, ಅಲ್ಲಿಯ ಕೆಲಸಗಾರರನ್ನು ಕೂಡಿಕೊಂಡು ಮತ್ತೆ ಜೋಡಿಸಿಕೊಡುತ್ತಿದ್ದ. ಕೊನೆಗೆ ದೊಡ್ಡ ಕಂಪನಿಗಳು ಬಂದವು, ಡೀಸೆಲ್ ಬಂತು. ಗ್ರಿಂಡಲ್ಲನ ವಂಶದವರು ಉಗಿ ಬಿಟ್ಟು ಬೇರೆಯದನ್ನು ಮುಟ್ಟಲು ಒಪ್ಪದೆ ಬಾಗಿಲು ಹಾಕಿದರು. ಈಗ ಅಲ್ಲಿ ಸೂಪರ್‌ಮಾರ್ಕೆಟ್ಟಿನ ಕಾರುಗಳು ನಿಲ್ಲುತ್ತವಂತೆ. ಪುಸ್ತಕಗಳನ್ನು ಒಲೆಗೆ ಹಾಕಲು ಹೊರಟಾಗ ಕೊನೆಯ ಗುಮಾಸ್ತ ಅವನ್ನೆಲ್ಲ ತನ್ನ ಮಗುವಿನ ತಳ್ಳುಗಾಡಿಯಲ್ಲಿ ಹೇರಿಕೊಂಡು ಮನೆಗೆ ಒಯ್ದ. ಆ ಗುಮಾಸ್ತನ ಮಗಳೇ ಮಾರ್ಗರೆಟ್. ಆ ಗಾಡಿಯಲ್ಲಿ ಮಲಗಬೇಕಿದ್ದ ಮಗು ತಾನೇ ಎಂದು ಬರೆದಿದ್ದರು.

ಇಷ್ಟೆಲ್ಲ ಬರೆದು ಪ್ರತಿ ಸಲವೂ ಕೊನೆಗೆ ಅದೇ ಸಾಲು: ನಂಬರ್ ತಿಳಿಸಿದರೆ ಪುಸ್ತಕದಲ್ಲಿ ಹುಡುಕಬಹುದು, ಇಲ್ಲದಿದ್ದರೆ ಸಾಧ್ಯವಿಲ್ಲ.

ದಿನಗಳು ಓಡಿದವು. ಅಪ್ಪನ ಪತ್ರ ಟೈಪಾಗಿ, ಖಾಲಿ ಗೆರೆಯೊಂದಿಗೆ, ಫ್ರಿಜ್ಜಿನ ಬಾಗಿಲಿಗೆ ಅಂಟಿ ಕೂತಿತ್ತು. ಹಾಲು ತೆಗೆಯಲು ಹೋದಾಗಲೆಲ್ಲ 'ಅಪರಾಧ' ಎಂಬ ಶಬ್ದ ಕಣ್ಣಿಗೆ ಬೀಳುತ್ತಿತ್ತು. ಒಂದು ಶುಕ್ರವಾರ ದುಬೈ ಕಡೆ ಹೋಗುವಾಗ, ಇಲ್ಲಿ ಹೊಸದಾಗಿ ಹಾಕಿರುವ ರೈಲು ಹಳಿ ಮರಳಿನ ನಡುವೆ ಕಂಡಿತು. ಅಪ್ಪ ಕಾರಿನ ಕಿಟಕಿಗೆ ಮುಖ ಹಚ್ಚಿ ಕೂತರು. ಉದ್ದನೆಯ ಗೂಡ್ಸ್ ಗಾಡಿಯೊಂದು ನಮ್ಮ ಪಕ್ಕದಲ್ಲೇ ಸಾಗಿತು. "ಎಪ್ಪತ್ತೆಂಟು ಡಬ್ಬಿ" ಎಂದು ಎಣಿಸಿ ಹೇಳಿದರು. ಗಾಡಿ ಮರೆಯಾದ ಮೇಲೆ, "ನಮ್ಮಪ್ಪ ಇದನ್ನ ನೋಡಬೇಕಿತ್ತು" ಎಂದರು. ಅವರು ಅಜ್ಜನನ್ನು ನೆನೆದು ಆಡಿದ ಪ್ರೀತಿಯ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

ವಿಮಾನಕ್ಕೆ ಇನ್ನು ಆರು ದಿನ ಇತ್ತು. ಹತ್ತನೇ ಕ್ಲಾಸಿನ ನನ್ನ ಮಗಳು ಅನು ಚಿತ್ರಕಲೆಯ ಹೋಂವರ್ಕಿಗೆಂದು ಕಾಗದದ ಕೆಳಗೆ ನಾಣ್ಯ, ಎಲೆ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಿದ್ದಳು. ಮನೆಯಲ್ಲಿ ಉಬ್ಬುತಗ್ಗು ಇದ್ದ ವಸ್ತುಗಳೆಲ್ಲ ಮುಗಿದ ಮೇಲೆ ಹಂಡೆ ಮುಚ್ಚಳಕ್ಕೆ ಕೈ ಹಾಕಿದಳು. ಗ್ರಿಂಡಲ್ ಅಂಡ್ ಪೈಕ್ ಚೆನ್ನಾ‌ಗಿ ಮೂಡಿದರು. ಕೆಳಗಿನ ನುಣುಪು ಜಾಗದಲ್ಲಿ ಪೆನ್ಸಿಲ್ ಆಡಿಸಿದಾಗ ನೆರಳಿನಂಥದ್ದೇನೋ ಬಂತು. ಮೊದಲೆರಡು ಅಂಕಿ ಬರಲಿಲ್ಲ. ಕೊನೆಯೆರಡು ಮಾತ್ರ, ಬೂದಿಯ ಮೇಲೆ ಬರೆದಂತೆ, ಇದ್ದವು.

"ಪಪ್ಪಾ, ಅವರ್ ವೈಫೈ ಪಾಸ್‌ವರ್ಡ್ ಆಲ್ಸೋ ಎಂಡ್ಸ್ ಲೈಕ್ ದಿಸ್" ಎಂದಳು.

ಅಡುಗೆಮನೆಯಲ್ಲಿ ಚಮಚಗಳು ನೆಲದ ಮೇಲೆ ಚೆಲ್ಲಿದ ಸದ್ದಿಗೆ ಸುಮಾ ಓಡಿ ಬಂದಳು. ನಾನು ತಂಬಿಗೆಯನ್ನು ಬೋರಲು ಹಿಡಿದು ನಿಂತಿದ್ದೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಎಂದರೆ ಇದೇ. ಊರವರ ಲೋಟದ ಬುಡವೆಲ್ಲ ನೋಡಿದ ಮಹಾಶಯ, ಪ್ಲೇಟಿನ ನಂಬರಿಗೂ ಪಾತ್ರೆಯ ನಂಬರಿಗೂ ತಾಳೆ ಹಾಕಿ ಸಂಬಳ ಎಣಿಸುವವನು, ತನ್ನ ಮನೆಯ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಕೊನೆಯೆರಡು ಅಂಕಿ ಎರಡರಲ್ಲೂ ಒಂದೇ. ಅದು ಬಿಲ್ಲೆಯ ನಂಬರ್ ಅಲ್ಲ, ಇಂಜಿನ್ನಿನ ನಂಬರ್.

ಅಪ್ಪ ತಂಬಿಗೆಯನ್ನು ತೆಗೆದುಕೊಂಡು ಬುಡ ಸವರಿದರು.

"ನಮ್ಮವ್ವ ಅದನ್ನ ತಿಕ್ಕಾಕ ಸುರು ಮಾಡಿದ ವರ್ಷಾನೇ ಇದು" ಎಂದರು. "ಅಪ್ಪ ಅಂಗಳದಾಗ ಕೂತು ಎಲ್ಲಾ ಪಾತ್ರಿಗೂ ಗುದ್ದಿದ. ನಾ ಹಿಡಕೊಂಡು ಕೂತಿದ್ದೆ, ಕೈ ಜುಮ್ ಅಂತಿತ್ತು. ಯಾಕಪ್ಪಾ ಇದು ಅಂತ ಕೇಳಿದೆ. ಓದೂ ಮಂದಿ ಓದಲಿ ಅಂದ."

"ಅಪ್ಪಾ, ನಾ ದಿನಾ ಇದ ಕೆಲಸ ಮಾಡಾವ. ಕದ್ದಾವ ನಂಬರ್ ಅಳಸ್ತಾನ್ರಿ. ಮನ್ಯಾಗಿನ ತಂಬಗಿ, ತಾಟಿಗೆಲ್ಲಾ ಅದನ್ನ ಗುದ್ದೂದಿಲ್ಲ. ಓದಾಕ ಬರದ ಅಜ್ಜಿ ಹೆದರಿ ಅಳಸ್ಯಾಳ, ಅಷ್ಟ. ಅಜ್ಜ ಹೆದರಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಅಜ್ಜಿ ಹೆಗಲು ಮುಟ್ಟಿ ನೋಡಿಕೊಂಡಿದ್ದಳು, ಗಂಡನ ಪರವಾಗಿ. ಪಾಪ, ಪ್ರೀತಿ ಇದ್ದಲ್ಲೇ ಅಷ್ಟು ಹೆದರಿಕೆ. ಆದರೆ ಹೆಡ್‌ಮಾಸ್ತರರು ಒಪ್ಪಬೇಕಲ್ಲ. "ಇದು ನಿನ್ನ ತರ್ಕ ಆತು. ಕಾಗದ ಎಲ್ಲೈತಿ?" ಎಂದರು. ಪತ್ರ ಫ್ರಿಜ್ಜಿನ ಮೇಲೆಯೇ ಉಳಿಯಿತು.

ನಂಬರನ್ನು ಮಾರ್ಗರೆಟ್ ಅವರಿಗೆ ಬರೆದೆ. ನಮ್ಮ ಬ್ಯಾಂಕ್ ಕಾರ್ಡಿನ ಗುಟ್ಟನ್ನು ಸಪ್ತಸಾಗರದಾಚೆಗೆ ಬರೆದು ಕಳಿಸಿದ್ದು ಜೀವನದಲ್ಲಿ ಅದೊಂದೇ ಸಲ. ಒಂದು ದಿನ ಹೋಯಿತು, ಎರಡಾಯಿತು. ಅಪ್ಪ ಚಹದ ಜತೆ ಕೇಳುವುದನ್ನು ಬಿಟ್ಟರು. ಅದು ಕೇಳುವುದಕ್ಕಿಂತ ಕಷ್ಟವಾಗಿತ್ತು. ವಿಮಾನಕ್ಕೆ ಮೂರು ದಿನವಿರುವಾಗ, ಬೆಳಿಗ್ಗೆ ಏಳಕ್ಕೆ ಉತ್ತರ ಬಂತು.

ಗ್ರಿಂಡಲ್ ಕಂಪನಿ ಪ್ರತಿ ಇಂಜಿನ್ನಿಗೂ ಎರಡು ಫಲಕ ಎರಕ ಹೊಯ್ಯುತ್ತಿತ್ತು, ಎಡಕ್ಕೊಂದು, ಬಲಕ್ಕೊಂದು. ಹೊರದೇಶಕ್ಕೆ ಹೋಗುವ ಇಂಜಿನ್ನಿಗೆ ಮಾತ್ರ ಮೂರು. ಮೂರನೆಯದನ್ನು ಮೇಸ್ತ್ರಿಯ ಪೆಟ್ಟಿಗೆಯಲ್ಲಿ ಇಟ್ಟು ಕಳಿಸುತ್ತಿದ್ದರು. ಅಲ್ಲಿ ಇಂಜಿನ್ನನ್ನು ಜೋಡಿಸಿ ಮೊದಲ ಬೆಂಕಿ ಹೊತ್ತಿಸಿದ ಕೆಲಸಗಾರನ ಕೈಗೆ ಅದನ್ನು ಕೊಡಬೇಕು, ಅವನ ಹೆಸರು ಬರೆದು ತರಬೇಕು. ಧಣಿಯ ಹೆಸರು ತನ್ನ ಇಂಜಿನ್ನಿನ ಮೇಲೆ ಕೂತದ್ದನ್ನು ನೋಡಿದ ಆ ಕಮ್ಮಾರ ಹಾಕಿಹೋದ ಕಟ್ಟಳೆ ಇದು. ಕಂಪನಿ ಮುಚ್ಚುವವರೆಗೂ ಒಂದು ಇಂಜಿನ್ನಿಗೂ ಅದು ತಪ್ಪಲಿಲ್ಲವಂತೆ. ಕೆಳಗೆ ಪುಸ್ತಕದ ಪುಟದ ಫೋಟೋ ಇತ್ತು. ಓರೆ ಅಕ್ಷರದಲ್ಲಿ ನಮ್ಮ ನಾಲ್ಕು ಅಂಕಿ. ಮುಂದೆ ಮರ್ಮಗೋವಾ ಬಂದರಿನ ಹೆಸರು. ಅದರ ಮುಂದೆ: 'ಮೂರನೆಯ ಫಲಕ ಪಕ್ಕೀರಾಪಾ ಎಂಬ ಫಿಟ್ಟರನಿಗೆ ಕೊಟ್ಟಿದೆ. ಮೊದಲ ಬೆಂಕಿ ಇವನದು. ಒಳ್ಳೆಯ ಕೆಲಸಗಾರ.'

ಪ್ರಿಂಟ್ ತೆಗೆದು ಅಪ್ಪನ ಮುಂದೆ ಇಟ್ಟೆ. ಇಂಗ್ಲಿಷನ್ನು ಬೆರಳಿಟ್ಟು ನಿಧಾನಕ್ಕೆ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಅನುವಿನ ಪೆನ್ನುಗಳಲ್ಲಿ ಕೆಂಪನ್ನು ಹುಡುಕಿ, 'ಪಕ್ಕೀರಾಪಾ' ಎಂಬುದನ್ನು ಅಡ್ಡಗೆರೆಯಿಂದ ಹೊಡೆದು ಹಾಕಿ, ಮೇಲೆ ದುಂಡಗೆ 'ಫಕೀರಪ್ಪ' ಎಂದು ಬರೆದರು.  "ಅಕ್ಕೋರಿಗೆ ಹೇಳು, ಹೆಸರು ತಿದ್ದಿಕೋರಿ ಅಂತ. ಪುಸ್ತಕದಾಗ ತಪ್ಪು ಉಳೀಬಾರದು" ಎಂದರು. ಎದ್ದು ಹೋಗಿ ಫ್ರಿಜ್ಜಿನ ಮೇಲಿನ ಪತ್ರ ತೆಗೆದು ನಾಲ್ಕಾಗಿ ಹರಿದರು. ಕಸದ ಬುಟ್ಟಿಗೆ ಹಾಕುವಾಗ, "ಖಲಾಸ್" ಎಂದರು. ನಮ್ಮೂರಲ್ಲೂ ಆಡುವ ಆ ಶಬ್ದ ಅರಬ್ಬಿಯದೆಂದು ಅವರು ಇಲ್ಲಿಗೆ ಬಂದ ಮೇಲೆ ಕಲಿತಿದ್ದರು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಸುಮಾ ಕೇಳಿದ್ದಕ್ಕೆ, ಶಾಂಪೂ ಕಣ್ಣಿಗೆ ಹೋಯಿತು ಎಂದೆ. ತಲೆಯಲ್ಲಿ ಅಷ್ಟು ಕೂದಲಿದ್ದರೆ ಅವಳು ನಂಬುತ್ತಿದ್ದಳೇನೋ.

ಮರುದಿನ ದುಬೈಯ ನೈಫ್ ಪೇಟೆಗೆ ಹೋದೆವು. ಅಲ್ಲಿ ಸೀಲು, ಬೋರ್ಡು, ಟ್ರೋಫಿಗಳ ಮೇಲೆ ಹೆಸರು ಕೆತ್ತುವ ಸಣ್ಣ ಅಂಗಡಿಯೊಂದಿದೆ. ಇಟ್ಟುಕೊಂಡಿರುವವರು ಮಂಗಳೂರಿನ ಲಾರೆನ್ಸ್, ನನ್ನ ಹಳೆಯ ಪರಿಚಯ. ಮುಚ್ಚಳವನ್ನು ಕೈಯಲ್ಲಿ ತೂಗಿ ನೋಡಿ, "ಎಂತ ಮಾರಾಯ್ರೆ ಇದು, ಇಷ್ಟು ಭಾರ? ನಂಬರ್ ಅಳ್ಸಿ ಹೋಗಿದೆಯಲ್ಲ. ಮೆಷಿನಿನಲ್ಲಿ ಹತ್ತು ನಿಮಿಷ, ಹೊಸದರ ಹಾಗೆ ಮಾಡಿ ಕೊಡ್ತೇನೆ" ಎಂದರು. ನಾನು ಬಂದದ್ದೂ ಅದಕ್ಕೇ.

ಅಪ್ಪ ಕೈ ಅಡ್ಡ ಹಿಡಿದರು. "ಬ್ಯಾಡ್ರಿ. ಅದು ನಮ್ಮವ್ವನ ಕೈಕೆಲಸ. ಅದೂ ಇರಲಿ."

ಬದಲಿಗೆ ಅನುವಿನ ಚೀಲದಿಂದ ಅವಳ ಊಟದ ಸ್ಟೀಲ್ ಡಬ್ಬಿ ಹೊರಗೆ ತೆಗೆಸಿದರು. ಇದಕ್ಕೆ ನಂಬರ್ ಬೇಕು, ಮೆಷಿನ್ ಬೇಡ, ಗುದ್ದುವ ಅಚ್ಚು ಇದೆಯೇ ಎಂದರು. ಲಾರೆನ್ಸ್ ಮೂರು ಡ್ರಾಯರ್ ತಡಕಾಡಿ, ಎಷ್ಟೋ ವರ್ಷದಿಂದ ಮುಟ್ಟದಿದ್ದ ಅಚ್ಚುಗಳ ಪೆಟ್ಟಿಗೆ ತೆಗೆದರು. ಡಬ್ಬಿಯ ಮುಚ್ಚಳವನ್ನು ಕಬ್ಬಿಣದ ತುಂಡಿನ ಮೇಲೆ ಇಟ್ಟು, "ಮೆಲ್ಲ ಹೊಡೀರಿ ಅಜ್ಜ, ತೂತು ಬಿದ್ರೆ ಸಾಂಬಾರ್ ಸೋರ್ತದೆ" ಎಂದರು. ಅನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಜೀವಮಾನವಿಡೀ ಸುಣ್ಣದ ಕಡ್ಡಿಗಿಂತ ಭಾರದ್ದನ್ನು ಹಿಡಿಯದ ಅಪ್ಪ ಸುತ್ತಿಗೆ ಎತ್ತಿದರು. ಮೂರು ಅಂಕಿ ಸರಿ ಬಂದವು, ನಾಲ್ಕನೆಯದು ಸೊಟ್ಟಗಾಯಿತು.

"ಇಟ್ಸ್ ಕ್ರುಕೆಡ್, ಅಜ್ಜಾ" ಎಂದಳು ಅನು. ಬೆರಳಿನಿಂದ ಸವರಿ, "ಐ ಲೈಕ್ ಇಟ್. ಕೈ ಜುಮ್ ಅಂತು" ಎಂದಳು. ಕನ್ನಡದ ಆ ಮೂರು ಶಬ್ದ ಅವಳಿಗೆ ಎಲ್ಲಿಂದ ಬಂದವೆಂದು ಅಪ್ಪನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸುಮಾ ಈಗ ಎಲ್ಲ ಪಾಸ್‌ವರ್ಡ್ ಬದಲಾಯಿಸಬೇಕೆಂದು ಹಟ ಹಿಡಿದಿದ್ದಾಳೆ. ಶಾಲೆಯ ಊಟದ ಹೊತ್ತಿನಲ್ಲಿ ನಮ್ಮ ಬ್ಯಾಂಕಿನ ಗುಟ್ಟು ಎಲ್ಲರ ಕಣ್ಣಿಗೂ ಬೀಳುತ್ತಿದೆ ಎಂಬುದು ಅವಳ ವಾದ. ಓದುವವರು ಓದಲಿ ಎಂದು ನಾನು ಸುಮ್ಮನಿದ್ದೇನೆ.

ಅಪ್ಪ ಹೊರಟ ದಿನ ಏರ್‌ಪೋರ್ಟಿನಲ್ಲಿ ತಪಾಸಣೆಯ ಸಾಲಿನವರೆಗೂ ಹೋಗಿ, ಹಗ್ಗದ ಈಚೆ ನಿಂತು ನೋಡುತ್ತಿದ್ದೆ. ಅಂದುಕೊಂಡಂತೆಯೇ ಅವರ ಚೀಲ ಮತ್ತೆ ನಿಂತಿತು. ಈ ಸಲ ಹಲಗೆ ಪಂಚೆಯೊಳಗೆ ಇರಲಿಲ್ಲ, ಎಲ್ಲಕ್ಕೂ ಮೇಲೆ, ಅಕ್ಷರ ಕಾಣುವಂತೆ ಇತ್ತು. ಹುಡುಗಿಯೊಬ್ಬಳು ಅದನ್ನೆತ್ತಿ ಹಿಡಿದು, "ಯೇ ಕ್ಯಾ ಹೈ, ಅಂಕಲ್?" ಎಂದಳು.

ಅಪ್ಪ ಬೆನ್ನು ನೆಟ್ಟಗೆ ಮಾಡಿದರು. ತರಗತಿಯ ಕೊನೆಯ ಬೆಂಚಿನವರೆಗೂ ಕೇಳಿಸುವ ದನಿ ಅವರದು, ನನ್ನವರೆಗೂ ಕೇಳಿಸಿತು.

"ಮೇರೆ ಬಾಪ್ ಕಾ ಹೈ."